ರಂಗಭಾವನ ಬೆಟ್ಟದಲ್ಲಿ ಅತಿಥಿಯ ಋಣ

ಹೊಸ ತಿಪ್ಪಸಂದ್ರದಿಂದ ಕನಕಪುರ, ಕೊಳ್ಳೇಗಾಲ, ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಇನ್ನೂರು ಕಿಲೋಮೀಟರಿನೊಳಗಿನ ದಾರಿ. ಶನಿವಾರ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆಟ್ಟದ ಮೇಲಿರಬಹುದು. ಎಚ್‌ಎಎಲ್, ಡಿಆರ್‌ಡಿಒ, ಬಾಗ್ಮನೆ ಟೆಕ್ ಪಾರ್ಕುಗಳಲ್ಲಿ ದುಡಿಯುವ ನಮ್ಮ ಕಡೆಯ ಸಂಸಾರಗಳಿಗೆ ವಾರದ ಕೊನೆಯಲ್ಲಿ ಕಾಡು ನೋಡುವ ಆಸೆ ಮೊದಲಿನಿಂದಲೂ ಇದೆ. ಈಚೆಗೆ ಅದರ ಜೊತೆ ಇನ್ನೊಂದು ಆಸೆ ಸೇರಿಕೊಂಡಿದೆ. ಕಾಡಿನ ಜನರನ್ನೂ ಕಾಣಬೇಕು, ಅವರ ಮನೆಯ ರಾಗಿರೊಟ್ಟಿ ತಿನ್ನಬೇಕು, ಅವರ ಹಾಡು ಕೇಳಬೇಕು, ಅವರ ದೇವರ ಮರದ ಮುಂದೆ ನಿಲ್ಲಬೇಕು. ಇದನ್ನು ಸಮುದಾಯ ಆಧಾರಿತ ಪ್ರವಾಸೋದ್ಯಮ ಎಂದು ಕರೆಯುತ್ತಾರೆ. ರೆಸಾರ್ಟಿನ ಮಾಲೀಕನ ಬದಲು ಊರಿನವರೇ ಆತಿಥ್ಯ ನಡೆಸುತ್ತಾರೆ, ಹಣವೂ ಊರಿಗೇ ಸೇರುತ್ತದೆ ಎಂಬುದು ಅದರ ಭರವಸೆ. ಒಳ್ಳೆಯ ಭರವಸೆಯೇ. ಅದರ ಲೆಕ್ಕಪತ್ರವನ್ನು ಅರ್ಥಶಾಸ್ತ್ರ ಬಲ್ಲವರು ನೋಡಲಿ. ನನ್ನನ್ನು ಕಾಡುವುದು ಧರ್ಮದ ಪ್ರಶ್ನೆ. ಹಣ ಕೊಟ್ಟು ಬಂದವನು ಅತಿಥಿಯಾಗುತ್ತಾನೆಯೇ? ಯಾವ ಷರತ್ತಿನ ಮೇಲೆ ಆಗುತ್ತಾನೆ? ನನ್ನ ತಿಳಿವಳಿಕೆಯಲ್ಲಿ ಬುಕಿಂಗ್ ರಸೀದಿಯಿಂದ ಯಾರೂ ಅತಿಥಿಯಾಗುವುದಿಲ್ಲ. ಮನೆಯವರಿಗೆ ಬೇಡ ಎನ್ನುವ ಶಕ್ತಿ ಇರುವಲ್ಲಿ ಮಾತ್ರ ಅತಿಥಿ ಎಂಬವನು ಇರಬಲ್ಲ. ಹಾಗೆ ಅತಿಥಿಯಾದವನು ದುಡ್ಡು ಎಣಿಸಿಕೊಟ್ಟ ಮೇಲೂ ಋಣ ಹೊತ್ತುಕೊಂಡೇ ಮರಳುತ್ತಾನೆ.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತು ನಮ್ಮ ದೇಶದ ಪ್ರವಾಸೋದ್ಯಮದ ಘೋಷವಾಕ್ಯವಾಗಿ ವಿಮಾನ ನಿಲ್ದಾಣದ ಗೋಡೆಯವರೆಗೂ ಬಂದಿದೆ. ಅದರ ಮೂಲ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ. ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳಲ್ಲಿ ಅದೂ ಒಂದು. ಅಂದರೆ ಅದು ನಾಳೆ ಗೃಹಸ್ಥನಾಗುವವನಿಗೆ, ಬಾಗಿಲು ತೆರೆಯುವವನಿಗೆ ಹೇಳಿದ್ದು. ಬಾಗಿಲು ತಟ್ಟುವವನು ಅದನ್ನು ತನ್ನ ಹಕ್ಕೆಂದು ಎತ್ತಿ ತೋರಿಸಲು ಅಲ್ಲಿ ಅವಕಾಶವೇ ಇಲ್ಲ. ಶತಪಥ ಬ್ರಾಹ್ಮಣ ಇದನ್ನು ಇನ್ನೂ ಆಳದಿಂದ ನೋಡುತ್ತದೆ. ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯರ ಋಣವನ್ನೂ ಹೊತ್ತೇ ಮನುಷ್ಯ ಹುಟ್ಟುತ್ತಾನೆ, ಬಂದವರಿಗೆ ಇಂಬು ಕೊಟ್ಟು ಅನ್ನವಿಕ್ಕಿ ಆ ನಾಲ್ಕನೆಯದನ್ನು ತೀರಿಸುತ್ತಾನೆ ಎನ್ನುತ್ತದೆ. ಕಠೋಪನಿಷತ್ತಿನ ಕಥೆಯಲ್ಲಿ ನಚಿಕೇತ ಯಮನ ಮನೆಯ ಮುಂದೆ ಮೂರು ರಾತ್ರಿ ಉಪವಾಸ ಕೂತಿದ್ದಕ್ಕೆ ಯಮನಂಥ ಯಮನೇ ಸಾಲಗಾರನಾಗಿ ಮೂರು ವರ ಕೊಡಬೇಕಾಯಿತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆತಿಥ್ಯವನ್ನು ನಮ್ಮ ಹಿರಿಯರು ಋಣದ ಓಡಾಟವಾಗಿ ಕಂಡಿದ್ದಾರೆಂಬುದು ಸ್ಪಷ್ಟ. ಉಂಡವನ ಮೇಲೆ ಋಣ ಏರುತ್ತದೆ. ಅವನು ಮನೆಗೆ ಹೋಗಿ ಇನ್ನೊಬ್ಬನಿಗೆ ಉಣಿಸಿದಾಗ ಅದು ಮುಂದಕ್ಕೆ ಸಾಗುತ್ತದೆ. ವ್ಯಾಪಾರದ ಸ್ವಭಾವ ಇದಕ್ಕೆ ತದ್ವಿರುದ್ಧ. ಅಲ್ಲಿ ಹಣ ಕೊಟ್ಟೊಡನೆ ಇಬ್ಬರೂ ಪರಸ್ಪರ ಬಿಡುಗಡೆಯಾಗುತ್ತಾರೆ, ಮತ್ತೆ ಮುಖ ನೋಡಬೇಕಾಗಿಲ್ಲ. ಹೋಟೆಲಿನಲ್ಲಿ ಅದು ತಪ್ಪೇನಲ್ಲ. ಒಂದು ಸಮುದಾಯದ ಅಡುಗೆಮನೆಗೆ, ಗುಡಿಗೆ, ಹಬ್ಬಕ್ಕೆ ಹೋದಾಗಲೂ ಹಾಗೆಯೇ ಬಿಡುಗಡೆಯಾಗಿ ಬರಬಹುದೇ ಎಂಬುದೇ ಪ್ರಶ್ನೆ.

ಬಿಳಿಗಿರಿಯ ಆದಿವಾಸಿಗಳಾದ ಸೋಲಿಗರು ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕಂಡುಕೊಂಡಿದ್ದಾರೆ. ಬೆಟ್ಟದ ತುದಿಯ ಗುಡಿಯಲ್ಲಿ ನಿಂತಿರುವ ರಂಗನಾಥ ಅವರಿಗೆ ಭಾವ. ಹೊರಗಿನಿಂದ ಬಂದ ಆ ದೇವರು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೋಹಿಸಿ ಮದುವೆಯಾದ, ಆದ್ದರಿಂದ ಅವನು ತಮ್ಮ ಮನೆಯ ಅಳಿಯ ಎಂದು ಅವರ ಹಾಡುಗಳು ಹೇಳುತ್ತವೆ. ಭಾವನೆಂದ ಮೇಲೆ ಗೌರವವೂ ಇದೆ, ಸಲಿಗೆಯೂ ಇದೆ. ಬೇಡುವ ಹಾಗೆಯೇ ಬೈಯುವುದಕ್ಕೂ ಹಕ್ಕಿದೆ. ಹೆಣ್ಣು ಕೊಟ್ಟ ಮನೆಯವರ ಮುಂದೆ ಅಳಿಯ ಎಷ್ಟೇ ದೊಡ್ಡವನಾದರೂ ಲೆಕ್ಕ ಒಪ್ಪಿಸಬೇಕಾದವನು. ಆ ಬೆಟ್ಟದ ದೇವರಿಗೆ ಇನ್ನೊಂದು ಕಡೆಯ ಹಂಗೂ ಇದೆ. ಅವನು ಕಾಡು ಸುತ್ತಲು ತೊಡುವ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಎರಡು ವರ್ಷಕ್ಕೊಮ್ಮೆ ಹೊಲಿದು ಒಪ್ಪಿಸುವವರು ತಳಸಮುದಾಯದ ಕುಶಲಕರ್ಮಿಗಳು. ಇಂಥ ಕಥೆಗಳು ಬಿಳಿಗಿರಿಗಷ್ಟೇ ಸೀಮಿತವಲ್ಲ. ತಮಿಳುನಾಡಿನಲ್ಲಿ ಮುರುಗನಿಗೆ ಬೇಡರ ವಳ್ಳಿ, ಆಂಧ್ರದ ಅಹೋಬಿಲದಲ್ಲಿ ನರಸಿಂಹನಿಗೆ ಚೆಂಚು ಲಕ್ಷ್ಮಿ. ಅಹೋಬಿಲದ ನರಸಿಂಹ ಸಂಕ್ರಾಂತಿಯ ಹೊತ್ತಿಗೆ ಪಲ್ಲಕ್ಕಿ ಏರಿ, ಗುಡಿ ಬಿಟ್ಟು, ವಾರಗಟ್ಟಲೆ ಊರೂರು ಅಲೆದು ತನ್ನ ಮದುವೆಗೆ ಬನ್ನಿರೆಂದು ಕರೆಯುತ್ತಾನೆ. ದೇವರೇ ಅತಿಥಿಯಾಗಿ ಹೋಗುವ ಈ ಪದ್ಧತಿಯಲ್ಲಿ ಒಂದು ಖಚಿತವಾದ ವಿಚಾರವಿದೆ. ಕಾಡಿನ ಜನರ ಬಳಿಗೆ ಹೊರಗಿನವನು ಬರಬಹುದು, ಪ್ರೀತಿಯಿಂದ ಬರಬಹುದು, ಉಳಿಯಲೂಬಹುದು. ಆದರೆ ಬಂದವನು ನಂಟನಾಗಿ ಕಟ್ಟುಬೀಳಬೇಕು. ನೋಡಿಕೊಂಡು ಹೋದೆ ಎಂದು ಕೈ ತೊಳೆದುಕೊಳ್ಳುವ ಹಾದಿ ದೇವರಿಗೂ ಇಲ್ಲ.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ಈ ಮದುವೆಯ ಕಥೆಗಳೆಲ್ಲ ಕಾಡಿನ ದೇವರುಗಳನ್ನು ದೊಡ್ಡ ಗುಡಿಯ ದೇವರು ನುಂಗಿಹಾಕಿದ ಚರಿತ್ರೆಯನ್ನು ಮರೆಮಾಚುವ ಹೊದಿಕೆಗಳು, ಅವುಗಳಿಂದ ನೀತಿ ಹೆಕ್ಕುವುದು ಸೋತವರ ಬಾಯಲ್ಲಿ ಗೆದ್ದವರ ಹಾಡು ಹಾಡಿಸಿದಂತೆ ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಹಾಗೆಯೇ, ಉಪನಿಷತ್ತಿನ ಅಳತೆಗೋಲನ್ನು ಸೋಲಿಗರ ಮೇಲೆ ಏಕೆ ಹಿಡಿಯಬೇಕು ಎಂದೂ ಕೇಳಬಹುದು. ಎರಡನೆಯದಕ್ಕೆ ನನ್ನ ಉತ್ತರ ಸುಲಭ: ಆ ಅಳತೆಗೋಲನ್ನು ನಾನು ಹಿಡಿಯುತ್ತಿರುವುದು ಸೋಲಿಗರ ಮೇಲಲ್ಲ, ನಗರದಿಂದ ಹೋಗುವ ನಮ್ಮ ಮೇಲೆ. ಘೋಷವಾಕ್ಯವನ್ನು ಹೊತ್ತು ತಿರುಗುವವರು ನಾವು, ನಮ್ಮ ಗ್ರಂಥವೇ ನಮ್ಮನ್ನು ಅಳೆಯಲಿ. ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೂ ನುಂಗಿಸಿಕೊಂಡವರು ಸುಮ್ಮನೆ ನುಂಗಿಸಿಕೊಳ್ಳಲಿಲ್ಲ. ಬಂದವನನ್ನು ಒಡೆಯ ಎನ್ನದೆ ಭಾವ ಎಂದು ಕರೆದು, ಅವನ ಕೊರಳಿಗೆ ನಂಟಸ್ತಿಕೆಯ ಹೊಣೆ ಕಟ್ಟಿದರು. ಇದು ದುರ್ಬಲರೆನಿಸಿಕೊಂಡವರು ಕಟ್ಟಿದ ಬಲವಾದ ದೇವಶಾಸ್ತ್ರ. ಅದನ್ನು ಬರೀ ಸಂಸ್ಕೃತೀಕರಣ ಎಂದು ಬದಿಗೆ ಸರಿಸಿದರೆ ಅವರ ಬುದ್ಧಿಯನ್ನು ಇನ್ನೊಮ್ಮೆ ಕಡೆಗಣಿಸಿದ ಹಾಗಾಗುತ್ತದೆ.

ಆ ಬೆಟ್ಟದಲ್ಲಿ ನಿಜವಾಗಿ ಅತಿಥಿ ಯಾರು, ಮನೆಯವರು ಯಾರು ಎಂಬುದನ್ನು ಕಳೆದ ಐವತ್ತು ವರ್ಷಗಳ ಚರಿತ್ರೆ ಗೋಜಲು ಮಾಡಿಬಿಟ್ಟಿದೆ. 1974ರಲ್ಲಿ ಬಿಳಿಗಿರಿ ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದ ಸೋಲಿಗರನ್ನು ಒಂದೊಂದೇ ಕಡೆ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಬೇಸಿಗೆಯ ಮೊದಲಲ್ಲಿ ನೆಲದ ಒಣ ತರಗನ್ನು ಹದವಾಗಿ ಸುಡುವ ಆ ಪದ್ಧತಿ ನಿಂತ ಮೇಲೆಯೇ ಲಂಟಾನ ಕಾಡನ್ನು ಹಬ್ಬಿಕೊಂಡಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ, ಸಂಶೋಧಕರೂ ಈಗ ಆ ಮಾತಿಗೆ ಕಿವಿಗೊಟ್ಟಿದ್ದಾರೆ. ಅದೇ ಕಾಡಿನೊಳಗೆ ಬ್ರಿಟಿಷರ ಕಾಲದಲ್ಲಿ ಎದ್ದ ಕಾಫಿ ಎಸ್ಟೇಟುಗಳು ಮಾತ್ರ ಇದ್ದಲ್ಲೇ ಉಳಿದವು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನೆಪದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೂ ತಡೆ ಬಿತ್ತು. ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು, ಸೋಲಿಗರಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರೂ ಸೇರಿ, ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರ ಜೊತೆ ನಡೆದು ಆ ಕಾಡಿನ ನಕ್ಷೆ ಬರೆದಾಗ ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳು ದೊರೆತವು: ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಸತ್ತವರ ನೆನಪಿನ ಕಲ್ಲುಗುಡಿ. ಬುಡದ ಸುತ್ತ ಸಾಲುಸಾಲು ಕಲ್ಲುಗಳನ್ನು ಲಿಂಗಗಳಾಗಿ ಇಟ್ಟು ಪೂಜಿಸುವ ದೊಡ್ಡ ಸಂಪಿಗೆ ಅವುಗಳಲ್ಲಿ ಒಂದು ಮಾತ್ರ. ನಾವು ಅದೊಂದನ್ನೇ ನೋಡಲು ಹಾತೊರೆಯುತ್ತೇವೆ. ಸೋಲಿಗರಿಗೆ ಇಡೀ ಕಾಡೇ ಗುಡಿ, ಮತ್ತು ಬಹುಕಾಲ ತಮ್ಮ ಗುಡಿಗೆ ಹೋಗಲು ಅವರು ಅರಣ್ಯ ಇಲಾಖೆಯ ಅಪ್ಪಣೆ ಕೇಳಬೇಕಾಗಿತ್ತು. ಮನೆಯವನೇ ಅಪ್ಪಣೆಗೆ ಕಾಯುವ ಮನೆಯಲ್ಲಿ ಆತಿಥ್ಯ ಎಂಬ ಮಾತಿಗೆ ಏನು ಬೆಲೆ?

ಜರ್ಮನಿಯ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಒಂದು ಸೂಕ್ಷ್ಮ ಭೇದ ಮಾಡುತ್ತಾನೆ. ಭೂಮಿ ದುಂಡಗಿದೆ, ಎಲ್ಲರಿಗೂ ಸೇರಿದ್ದು. ಆದ್ದರಿಂದ ಯಾರ ನಾಡಿಗಾದರೂ ಹೋಗಿ, ಹಗೆಯೆಂದು ಕಾಣಿಸಿಕೊಳ್ಳದೆ ಮಾತಾಡಿಸುವ ಹಕ್ಕು ಮನುಷ್ಯನಿಗಿದೆ. ಆದರೆ ಅತಿಥಿಯಾಗಿ ಒಳಗೆ ಬರುವ ಹಕ್ಕು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಅದಕ್ಕೆ ಆ ನಾಡಿನವರ ವಿಶೇಷ ಒಪ್ಪಿಗೆ ಬೇಕು. ಭೇಟಿಯ ಹೆಸರಿನಲ್ಲಿ ಹೋಗಿ ನೆಲ ಕಬಳಿಸಿದ ತನ್ನ ಯುರೋಪಿನವರನ್ನು ಅವನು ಅದೇ ಪುಟಗಳಲ್ಲಿ ಖಂಡಿಸುತ್ತಾನೆ, ಬಂದವರನ್ನು ಹೊಸ್ತಿಲಲ್ಲೇ ತಡೆದ ಚೀನಾ, ಜಪಾನ್‌ಗಳನ್ನು ವಿವೇಕಿಗಳೆನ್ನುತ್ತಾನೆ. ನಮ್ಮ ಕಾನೂನು ಈ ವಿವೇಕವನ್ನು ತಡವಾಗಿಯಾದರೂ ಕಲಿತಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳ ಸಾಂಸ್ಕೃತಿಕ ಪರಂಪರೆಗೆ ಕುಂದು ತರುವ ಚಟುವಟಿಕೆಗಳಿಂದ ಅವರ ನೆಲೆಯನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ಅಕ್ಟೋಬರಿನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. 2013ರ ಏಪ್ರಿಲ್ 18ರಂದು ಒಡಿಶಾದ ನಿಯಮಗಿರಿ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೆಟ್ಟವನ್ನೇ ನಿಯಮರಾಜನೆಂದು ಪೂಜಿಸುವ ಡೋಂಗ್ರಿಯಾ ಕೊಂಧರ ಧಾರ್ಮಿಕ ಹಕ್ಕನ್ನು ಗ್ರಾಮಸಭೆಯೇ ಪರಿಗಣಿಸಲಿ ಎಂದಿತು. ಸಭೆ ಸೇರಿದ 12 ಹಳ್ಳಿಗಳೂ ಗಣಿಗಾರಿಕೆ ಬೇಡವೆಂದವು. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ಹತ್ತಬೇಡಿರೆಂದು ಅನಂಗು ಜನರು ದಶಕಗಳ ಕಾಲ ಕೇಳಿಕೊಂಡರು. 2019ರ ಅಕ್ಟೋಬರ್ 26ರಿಂದ ಅಲ್ಲಿ ಹತ್ತುವುದು ನಿಷಿದ್ಧ, ಬಂಡೆ ನೋಡಲು ಬರುವವರು ಈಗಲೂ ಬರುತ್ತಾರೆ. ನಮ್ಮ ನಾಗರಹೊಳೆಯಲ್ಲೂ ಹೀಗೊಂದು ‘ಬೇಡ’ ಕೇಳಿಬಂದಿತ್ತು. ಮುರ್ಕಲ್‌ನಲ್ಲಿ ತಾಜ್ ಸಮೂಹದ ಹೋಟೆಲ್ ಏಳುವುದನ್ನು ಜೇನುಕುರುಬರೂ ಇತರ ಆದಿವಾಸಿಗಳೂ ಬೀದಿಗಿಳಿದು ವಿರೋಧಿಸಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟು ಅವರ ಪರ ತೀರ್ಪಿತ್ತಿತು. ಇವೆಲ್ಲ ಆತಿಥ್ಯದ ವಿರುದ್ಧ ನಡೆದ ಹೋರಾಟಗಳೆಂದು ನಾನು ಭಾವಿಸುವುದಿಲ್ಲ. ಬೇಡ ಎನ್ನುವ ಹಕ್ಕು ಹೀಗೆ ಕೈಗೆ ಬಂದ ಮೇಲೆಯೇ ಅವರು ಹೇಳುವ ‘ಬನ್ನಿ’ಗೆ ತೂಕ ಬರುವುದು.

ಹಾಗಾದರೆ ಹಣ ಕೊಟ್ಟು ಪಡೆಯಬಹುದಾದದ್ದು ಯಾವುದು, ಪಡೆಯಬಾರದ್ದು ಯಾವುದು? ಅಡುಗೆ ಮಾಡಿದ ಕೈಗೆ, ದಾರಿ ತೋರಿಸಿ ಹಕ್ಕಿಯ ದನಿ ಗುರುತಿಸಿ ಹೇಳಿದ ಯುವಕನ ವಿದ್ಯೆಗೆ, ಅವರು ಬೆಳೆದ ಕಾಫಿಗೆ, ತೆಗೆದ ಜೇನಿಗೆ ಪೂರ್ತಿ ಬೆಲೆ ಕೊಡಬೇಕು; ಚೌಕಾಸಿ ಮಾಡಬಾರದು. ಪೂಜೆಯನ್ನು ಈ ದರಪಟ್ಟಿಗೆ ಸೇರಿಸುವಂತಿಲ್ಲ. ಹೊಸ ರಾಗಿ ಮನೆಗೆ ಬಂದಾಗ ಸೋಲಿಗರು ಮಾಡುವ ರೊಟ್ಟಿ ಹಬ್ಬದಲ್ಲಿ ಬೆಂಕಿಯ ಸುತ್ತ ರಾತ್ರಿಯಿಡೀ ಗೊರುಕನ ಹಾಡು ಕುಣಿತ ನಡೆಯುವುದು ಬೆಳೆಗೆ, ದೇವರಿಗೆ, ಹಿರಿಯರಿಗೆ ಸಲ್ಲುವ ಕೃತಜ್ಞತೆಯಾಗಿ. ಅದೇ ಹಾಡನ್ನು ಶನಿವಾರ ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಕ್ಯಾಂಪ್‌ಫೈರ್ ಮುಂದೆ ಹಾಡಿಸಿದರೆ ದೇವರ ಪಂಚಾಂಗ ಹೋಗಿ ನಮ್ಮ ರಜೆಯ ಪಟ್ಟಿ ಬಂದು ಕೂತಿತೆಂದೇ ಅರ್ಥ. ಇದಕ್ಕೆ ಎದುರು ಹೇಳುವವರಿದ್ದಾರೆ. ನಮ್ಮ ನಾಡಿನ ಭಕ್ತಿ ಎಂದೂ ಬಾಗಿಲು ಮುಚ್ಚಿಕೊಂಡಿರಲಿಲ್ಲ, ಜಾತ್ರೆಗೆ ಯಾರು ಬೇಡವೆಂದರು, ನೋಡುವುದರಲ್ಲೇನು ತಪ್ಪು ಎನ್ನುತ್ತಾರೆ. ಬೆಂಗಳೂರಿನ ಕರಗ ಎಲ್ಲರಿಗೂ ತೆರೆದದ್ದು ನಿಜ. ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವ ಅದನ್ನು ನೋಡಲು ಯಾರಿಗೂ ಚೀಟಿ ಬೇಕಿಲ್ಲ. ಆದರೆ ಕರಗ ಹೊರಡುವುದು ಚೈತ್ರ ಹುಣ್ಣಿಮೆಯ ರಾತ್ರಿ, ತಿಗಳ ಸಮುದಾಯದವರು ನಿಶ್ಚಯಿಸಿದ ಹೊತ್ತಿಗೆ. ನೋಡುವವನು ನಿದ್ದೆಗೆಟ್ಟು ಕಾಯಬೇಕು. ಅದು ಯಾರ ಅನುಕೂಲಕ್ಕಾಗಿಯೂ ಶನಿವಾರಕ್ಕೆ ಸರಿಯುವುದಿಲ್ಲ. ಹಲಸೂರು ಸೋಮೇಶ್ವರನ ತೇರು, ಪಲ್ಲಕ್ಕಿಗಳದ್ದೂ ಇದೇ ಕಟ್ಟಳೆ. ತೆರೆದ ಬಾಗಿಲಿಗೂ ಮನೆಯವರಿರುತ್ತಾರೆ.

ಈ ವಿಷಯದಲ್ಲಿ ನಮ್ಮ ನಡತೆಯೊಳಗೆ ಒಂದು ಅನ್ಯಾಯ ಅಡಗಿದೆ, ಅದನ್ನು ನೇರವಾಗಿ ನೋಡಬೇಕು. ತಿರುಪತಿಯ ಗುಡಿಯೊಳಗೆ ಮೊಬೈಲ್ ಒಯ್ಯುವಂತಿಲ್ಲ ಎಂದರೆ ನಾವು ಮರುಮಾತಿಲ್ಲದೆ ಲಾಕರಿನಲ್ಲಿ ಇಟ್ಟು ಸಾಲಿನಲ್ಲಿ ನಿಲ್ಲುತ್ತೇವೆ. ಪೋಡಿನಲ್ಲಿ ಮೈದುಂಬಿದ ಹಿರಿಯನ ಮುಖಕ್ಕೆ ಅದೇ ಮೊಬೈಲ್ ಹಿಡಿಯಲು ಹಿಂಜರಿಯುವುದಿಲ್ಲ. ಕಲ್ಲಿನ ಗರ್ಭಗುಡಿಗೆ ಇರುವ ಗೌರವ ಮರದ ಬುಡಕ್ಕೆ ಇಲ್ಲವೆಂದಾಯಿತು. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ದೈವದ ವೇಷ ಹಾಕಿ ಚಿತ್ರಮಂದಿರಗಳಲ್ಲಿ, ವೇದಿಕೆಗಳಲ್ಲಿ ಕುಣಿದವರನ್ನು ಕಂಡು ತುಳುನಾಡಿನ ದೈವಾರಾಧಕರು ನೊಂದು ಬಹಿರಂಗವಾಗಿ ಆಕ್ಷೇಪಿಸಿದರು. ಅವರಿಗೆ ಗಟ್ಟಿಯಾದ ದನಿಯಿದೆ, ಪತ್ರಿಕೆಗಳಿವೆ, ಸಂಘಟನೆಗಳಿವೆ. ಅಂಡಮಾನಿನ ಜರವರಿಗೆ ಅದ್ಯಾವುದೂ ಇರಲಿಲ್ಲ. ಪ್ರವಾಸಿಗಳಿಗಾಗಿ ಜರವ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ 2012ರಲ್ಲಿ ಹೊರಬಂದು ಜಗತ್ತು ನಾಚಬೇಕಾಯಿತು. ಪೋಡು ಅದಲ್ಲ, ನಮ್ಮವರು ಅಷ್ಟು ಕೀಳುಮಟ್ಟಕ್ಕೆ ಇಳಿದಿಲ್ಲ ಎನ್ನಬಹುದು. ಅಂತರವಿದೆ, ಒಪ್ಪುತ್ತೇನೆ. ಆದರೆ ಎರಡೂ ಒಂದೇ ಇಳಿಜಾರಿನ ಮೇಲಿವೆ: ನೋಡುವವನ ಕಣ್ಣು ತುಂಬುವುದೇ ಮುಖ್ಯ, ನೋಡಿಸಿಕೊಳ್ಳುವವನ ಮನಸ್ಸು ಲೆಕ್ಕಕ್ಕಿಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ನಾನು ತೀರಾ ಗಂಭೀರವಾಗಿ ತೆಗೆದುಕೊಳ್ಳುವ ಆಕ್ಷೇಪ ಇದು. ಕಾಡಿನ ಉತ್ಪನ್ನ ಕೈತಪ್ಪಿದ ಮೇಲೆ ಎಷ್ಟೋ ಸೋಲಿಗ ಕುಟುಂಬಗಳು ಕೂಲಿ ಹುಡುಕಿ ಕಾಫಿ ತೋಟಗಳಿಗೆ, ಗಡಿಯಾಚೆಗೆ ಹೋಗಬೇಕಾಯಿತು. ಅಂಥವರ ಮುಂದೆ ಋಣದ ತತ್ವ ಹೇಳುವುದು ಹೊಟ್ಟೆ ತುಂಬಿದವರ ಮಾತಲ್ಲವೇ, ಕುಣಿದರೆ ನಾಲ್ಕು ಕಾಸು ಬರುವುದಾದರೆ ಕುಣಿಯಲಿ ಬಿಡಿ ಎನ್ನುತ್ತಾರೆ. ಕಾಸು ಬೇಕು, ನಿಜ. ಆದರೆ ಜೇನು ಕೀಳುವ ದಾರಿಯನ್ನು ಮುಚ್ಚಿ, ಬೇಸಾಯವನ್ನು ನಿಲ್ಲಿಸಿ, ಕೊನೆಗೆ ಕುಣಿತವೊಂದನ್ನೇ ಸಂಪಾದನೆಯಾಗಿ ಉಳಿಸಿ, ನೋಡಿ ಅವರೇ ಒಪ್ಪಿ ಕುಣಿಯುತ್ತಿದ್ದಾರೆ ಎಂದರೆ ಆ ಒಪ್ಪಿಗೆಯಲ್ಲಿ ಸ್ವಾತಂತ್ರ್ಯ ಎಲ್ಲಿದೆ? ಅರಣ್ಯ ಹಕ್ಕು ಪೂರ್ತಿಯಾಗಿ ಜಾರಿಯಾಗಿ ಜೇನು, ಕಾಫಿ, ನೆಲ್ಲಿಯಿಂದ ಬದುಕು ನಡೆಯುವ ಪೋಡಿನಲ್ಲಿ ಜನ ಅತಿಥಿಗಳನ್ನು ಕರೆದರೆ ಅದು ಕರೆ. ಬೇರೆ ಗತಿಯಿಲ್ಲದೆ ಕರೆದರೆ ಅದನ್ನು ಕರೆ ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ. ಹೊಟ್ಟೆಪಾಡಿನ ವಾದವನ್ನು ಕೊನೆಯವರೆಗೆ ನಡೆಸಿಕೊಂಡು ಹೋದರೂ ಅದು ಬಂದು ನಿಲ್ಲುವುದು ಮನೆಯವರ ಹಕ್ಕಿನ ಬಳಿಯೇ.

ನೀವು ಇವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಲು ಹೊರಟಿದ್ದೀರಿ ಎಂಬ ಆಪಾದನೆಗೆ ಹೆಚ್ಚು ಮಾತು ಬೇಕಿಲ್ಲ. ಸೋಲಿಗ ಯುವಕರು ತಮ್ಮ ಹಾಡನ್ನು ರವೀಂದ್ರ ಕಲಾಕ್ಷೇತ್ರಕ್ಕೆ ತಂದರೆ ಅದು ಅವರ ಕಲೆ, ಅವರ ತೀರ್ಮಾನ. ಯಾವುದು ಪೂಜೆ, ಯಾವುದು ಪ್ರದರ್ಶನ ಎಂಬ ಗೆರೆ ಎಳೆಯುವುದು ಅವರ ಕೈಯಲ್ಲಿರಲಿ, ಆ ಗೆರೆ ಕಾಲಕ್ಕೆ ತಕ್ಕಂತೆ ಸರಿಯಲಿ. ನನಗೆ ಹೆಚ್ಚು ತೊಡಕೆನಿಸುವುದು ‘ಅವರು’ ಎಂದರೆ ಯಾರು ಎಂಬುದು. ಸಮುದಾಯ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಸಭೆಯಲ್ಲಿ ಗಂಡಸರು ಒಪ್ಪಿಗೆ ಕೊಟ್ಟು ಬರುತ್ತಾರೆ, ನೀರು ಹೊತ್ತು ಅಡುಗೆ ಮಾಡಿ ಹಾಸಿಗೆ ಮಡಚುವವರು ಹೆಂಗಸರು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತಮ್ಮ ವಾದ್ಯದ ಹೆಸರನ್ನೇ ಇಟ್ಟುಕೊಂಡು ‘ದಮಾಮಿ’ ಎಂದು ಕಟ್ಟಿಕೊಂಡ ಪ್ರವಾಸೋದ್ಯಮದ ಮಹತ್ವ ಇಲ್ಲಿದೆ. ಬನ್ನಿ ಎನ್ನುವ ಬಾಯಿ ಅವರದ್ದೇ, ಬಂದ ಹಣ ಹಿಡಿಯುವ ಕೈಯೂ ಅವರದ್ದೇ. ಕರ್ನಾಟಕದಲ್ಲಿ 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಒಂದು ಸಮುದಾಯದ ಹೆಂಗಸರು ಮನೆಯೊಡತಿಯರಾಗಿ ಹೊಸ್ತಿಲಲ್ಲಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಆ ಹೊಸ್ತಿಲಲ್ಲಿ ಬಂದವನಿಗೂ ಒಂದು ಪರೀಕ್ಷೆ ಕಾದಿರುತ್ತದೆ. ನಮ್ಮ ಸಮಾಜದಲ್ಲಿ ಯಾರ ಮನೆಯಲ್ಲಿ ಉಣ್ಣುತ್ತೇವೆ ಎಂಬುದು ಧರ್ಮದ ಪ್ರಶ್ನೆಯಾಗಿಯೇ ಬಂದಿದೆ. ಕಾಡಿನವರ ಕುಣಿತ ಬೇಕು, ಅವರ ಕೈಯ ನೀರು ಬೇಡ ಎನ್ನುವವನು ಎಷ್ಟು ಹಣ ಕೊಟ್ಟರೂ ಅತಿಥಿಯಾಗಲಾರ. ಶರಣರು ದಾಸೋಹಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟದ್ದು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದರಲ್ಲಿ ಕೊಟ್ಟವನ ಹಮ್ಮೂ ಉಂಡವನ ಮೇಲರಿಮೆಯೂ ಒಟ್ಟಿಗೆ ಕರಗುತ್ತವೆ ಎಂಬ ನಂಬಿಕೆಯಿಂದ.

ಒಂದು ವಾರಾಂತ್ಯಕ್ಕೆ ಇಷ್ಟೆಲ್ಲ ಋಣದ ಭಾರ ಹೊರಬೇಕೇ ಎಂದು ಕೇಳುವವರಿಗೆ ನಮ್ಮ ಪೂರ್ವ ಬೆಂಗಳೂರನ್ನೇ ತೋರಿಸಬಹುದು. ತಿಪ್ಪಸಂದ್ರ, ಕಗ್ಗದಾಸಪುರ, ಕೋಡಿಹಳ್ಳಿ, ದೊಮ್ಮಲೂರು ಎಲ್ಲವೂ ಹಳ್ಳಿಗಳಾಗಿದ್ದವು. 1940ರಲ್ಲಿ ವಿಮಾನ ಕಾರ್ಖಾನೆ ಬಂತು, ಅದರ ಹಿಂದೆ ಬಡಾವಣೆಗಳು ಬಂದವು, ಆಮೇಲೆ ಐಟಿ ಬಂತು. ನಾವು ಬಾಡಿಗೆದಾರರಾಗಿ, ನಿವೇಶನ ಕೊಂಡವರಾಗಿ ಬಂದು ಸೇರಿದೆವು. ಹಣ ಕೊಟ್ಟೇ ಬಂದಿದ್ದೇವೆ, ಪತ್ರಗಳೂ ಸರಿಯಾಗಿವೆ. ಆದರೂ ಹಳೆಯ ಊರಿನ ದೇವತೆಯ ಹಬ್ಬಕ್ಕೆ ಒಂದು ರಾತ್ರಿ ರಸ್ತೆ ಮುಚ್ಚಿದರೆ ಸಹಿಸಿಕೊಳ್ಳುವುದು ಮೊದಲೇ ಇದ್ದವರಿಗೆ ನಾವು ಸಲ್ಲಿಸಬೇಕಾದ ಸಣ್ಣ ಪಾಲು. ಬಿಳಿಗಿರಿಗೆ ಹೋಗಿ ಬಂದವರ ಪಾಲೂ ಅವರವರ ಶಕ್ತಿಗೆ ತಕ್ಕಷ್ಟೇ. ಹುಲಿಯ ಹೆಸರಿನಲ್ಲಿ ಪೋಡುಗಳನ್ನು ಎತ್ತಂಗಡಿ ಮಾಡುವ ಮಾತು ಬಂದಾಗ ಅವರ ರೊಟ್ಟಿ ತಿಂದವರು ಸುಮ್ಮನಿರಬಾರದು. ಅರಣ್ಯ ಹಕ್ಕಿನ ಅರ್ಜಿಗಳು ಕಚೇರಿಯಲ್ಲಿ ಕೊಳೆಯುವಾಗ ನಾಲ್ಕು ಸಾಲು ಬರೆಯಬೇಕು, ಓಟು ಕೇಳಲು ಬಂದವರನ್ನು ಪ್ರಶ್ನಿಸಬೇಕು. ರಂಗನಾಥನಿಗೆ ಅಂಟಿದ ನಂಟಸ್ತಿಕೆಯ ಹೊಣೆಯಲ್ಲಿ ಒಂದು ಎಳೆಯಾದರೂ ನಮಗೆ ಅಂಟಲಿ.

ಆದ್ದರಿಂದ ಈ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊರಡುವವರಲ್ಲಿ ನನ್ನದೊಂದು ಕೋರಿಕೆ. ಮುಂಗಡ ಹಣ ಕಳಿಸುವ ಮೊದಲು ಆ ಪೋಡಿನ ಗ್ರಾಮಸಭೆ ಇದಕ್ಕೆ ಒಪ್ಪಿದೆಯೇ, ಹಣ ಯಾರ ಕೈ ಸೇರುತ್ತದೆ ಎಂದು ವಿಚಾರಿಸಿ. ಈ ವಾರ ದೇವರ ಕಾರ್ಯವಿದೆ, ಬರಬೇಡಿ ಎಂದರೆ ಬೇಸರಪಡದೆ ದಿನ ಬದಲಿಸಿ. ಸರಿಯಾದ ಉತ್ತರ ಸಿಗದ ಕಡೆಗೆ ಹೋಗಲೇಬೇಡಿ.